ಕೋಲಾಡಿನ ಟೆಂಟು, ಭೀಮೆಯ ಪಾಲಿನ ನೀರು

ಡೊಂಬಿವಲಿ, ಕಲ್ಯಾಣ, ನೆರೂಳ್ ಕಡೆಯವರಿಗೆ ವಾರಾಂತ್ಯದ ಕಾಡುವಾಸ ಎಂದರೆ ಈಗ ಕೋಲಾಡ್. ಪನವೇಲ್, ಪೇಣ್, ನಾಗೋಠಣೆ ದಾಟಿ ಹೋದರೆ ಕುಂಡಲಿಕಾ ಹೊಳೆಯ ದಂಡೆಯಲ್ಲಿ ಒಂದು ರಾತ್ರಿ ಟೆಂಟು, ಬೆಳಗ್ಗೆ ರಾಫ್ಟಿಂಗ್. ಅಸಲಿ ರಾಷ್ಟ್ರೀಯ ಉದ್ಯಾನ ಠಾಣೆಯವರ ಹಿತ್ತಿಲಲ್ಲೇ ಇದೆಯಲ್ಲ ಎನ್ನಬಹುದು. ಆದರೆ ಯೇವೂರಿನ ಆ ಕಾಡು ಚಿರತೆಗಳದ್ದು. ಮನಸ್ಸು ಬಂದಲ್ಲಿ ಗೂಟ ಹೊಡೆದು ಮಲಗುವಂತಿಲ್ಲ. ಸರಿಯೇ. ಹಾಗಾಗಿ ಜನ ಹೊಳೆಬದಿಯ ಖಾಸಗಿ ಕ್ಯಾಂಪುಗಳತ್ತ ಹೊರಳಿದ್ದಾರೆ.

ಈ ಕ್ಯಾಂಪುಗಳ ರಾತ್ರಿಗೆ ನಾನು ಹೆಚ್ಚು ಅಂಕ ಕೊಡಲಾರೆ. ಟೆಂಟಿಗೆ ಟೆಂಟು ಅಂಟಿಕೊಂಡಿರುತ್ತದೆ. ಪಕ್ಕದವರ ಗೊರಕೆಯಿಂದ ಹಿಡಿದು ಆಫೀಸಿನ ರಾಜಕೀಯದವರೆಗೆ ಎಲ್ಲವೂ ಕಿವಿಗೆ ಬೀಳುತ್ತದೆ. ಒಂದು ಕಡೆ ಪನೀರು, ಚಿಕನ್ನು ಸುಡುವ ಬಾರ್ಬೆಕ್ಯೂ, ಇನ್ನೊಂದು ಕಡೆ ಸ್ಪೀಕರು, ನೆತ್ತಿಯ ಮೇಲೆ ಕಣ್ಣು ಕುಕ್ಕುವ ದೀಪ. ಇಪ್ಪತ್ತು ಹೆಜ್ಜೆ ಆಚೆ ಹರಿಯುವ ಹೊಳೆಯ ಸದ್ದು ಕೇಳಬೇಕೆಂದರೆ ಜನರೇಟರ್ ನಿಲ್ಲುವವರೆಗೆ ಎಚ್ಚರವಾಗಿರಬೇಕು. ಸೌಕರ್ಯ ಇರಬಾರದೆಂದಲ್ಲ. ಮಕ್ಕಳು, ವಯಸ್ಸಾದವರನ್ನು ಕರೆದುಕೊಂಡು ಬಂದವರಿಗೆ ಶುಚಿಯಾದ ಶೌಚಾಲಯ ಬೇಕೇ ಬೇಕು. ತಕರಾರು ಇರುವುದು ಮದುವೆ ಹಾಲಿನ ಗದ್ದಲಕ್ಕೆ ‘ಪ್ರಕೃತಿಯ ಮಡಿಲು’ ಎಂಬ ಹೆಸರಿಟ್ಟು ಮಾರುವುದರ ಬಗ್ಗೆ.

ಬೆಳಗಿನ ಕಥೆಯೇ ಬೇರೆ. ನಸುಕಿನಲ್ಲಿ ದಂಡೆಗೆ ಇಳಿದರೆ ಕಲ್ಲುಗಳು ಒಣಗಿ ಬಿದ್ದಿರುತ್ತವೆ, ನಡುವೆ ಮೊಣಕಾಲು ಮುಳುಗದಷ್ಟು ನೀರು. ಸ್ವಲ್ಪ ಹೊತ್ತಿಗೆ ಒಂದೊಂದೇ ಕಲ್ಲು ಮರೆಯಾಗುತ್ತದೆ, ಹೊಳೆ ತುಂಬಿ ನೊರೆಯೇಳುತ್ತದೆ, ರಾಫ್ಟುಗಳು ಹೊರಡುತ್ತವೆ. ಮಳೆಯ ಸುಳಿವೂ ಇಲ್ಲದ ಏಪ್ರಿಲ್‌ನಲ್ಲೂ ಹೀಗಾಗುವುದು ಭಿರಾ ಜಲವಿದ್ಯುತ್ ಕೇಂದ್ರ ಬಿಡುವ ನೀರಿನಿಂದ. 1927ರಲ್ಲಿ ಶುರುವಾದ ಟಾಟಾದ ಈ ಕೇಂದ್ರಕ್ಕೆ ನೀರು ಬರುವುದು ಘಟ್ಟದ ಮೇಲಿನ ಮುಳಶಿ ಜಲಾಶಯದಿಂದ, ಸುಮಾರು 500 ಮೀಟರ್ ಎತ್ತರದಿಂದ ಕೊಳವೆಗಳಲ್ಲಿ ಧುಮುಕಿ. ಮುಳಶಿ ಇರುವುದು ಮುಳಾ ನದಿಯ ಮೇಲೆ. ತಡೆಯದೆ ಬಿಟ್ಟಿದ್ದರೆ ಆ ನೀರು ಪುಣೆ ದಾಟಿ ಭೀಮೆಯಾಗಿ, ವಿಜಯಪುರ, ಕಲಬುರಗಿ, ಯಾದಗಿರಿ ಸೀಮೆಗಳಲ್ಲಿ ಹರಿದು, ರಾಯಚೂರಿನ ಹತ್ತಿರ ಕೃಷ್ಣೆಯನ್ನು ಸೇರಬೇಕಿತ್ತು. ಬಂಗಾಳ ಕೊಲ್ಲಿಯ ಪಾಲಿನ ನೀರನ್ನು ಅರಬ್ಬಿ ಸಮುದ್ರದ ಕಡೆಗೆ ತಿರುಗಿಸಿದ್ದಾರೆ. ಅದರ ಮೇಲೆ ನಮ್ಮ ಡೊಂಬಿವಲಿಯ ಕಲಬುರಗಿಯವರು ಲೈಫ್ ಜಾಕೆಟ್ ತೊಟ್ಟು ಕೇಕೆ ಹಾಕುತ್ತಾರೆ!

ಮುಳಶಿಯ ಅಣೆಕಟ್ಟಿಗಾಗಿ ಮಾವಳ ಸೀಮೆಯ ರೈತರು ಹೊಲ ಕಳೆದುಕೊಂಡರು. ಸೇನಾಪತಿ ಬಾಪಟ್ ಮುಂದಾಳುತನದಲ್ಲಿ 1921ರಲ್ಲಿ ಮುಳಶಿ ಸತ್ಯಾಗ್ರಹ ನಡೆಯಿತು. ದೇಶದ ಮೊದಮೊದಲ ಅಣೆಕಟ್ಟು ವಿರೋಧಿ ಚಳವಳಿಗಳಲ್ಲಿ ಅದೂ ಒಂದು. ರಾತ್ರಿ ಬೆಂಕಿಯ ಸುತ್ತ ಕೂತು ಹೇಳಲು ಇದಕ್ಕಿಂತ ಒಳ್ಳೆಯ ಕಥೆ ಬೇಕೆ? ಆದರೆ ಕ್ಯಾಂಪಿನಲ್ಲಿ ಆಡಿಸುವುದು ಅಂತ್ಯಾಕ್ಷರಿ. ದಾಂಡೇಲಿಯ ರಾಫ್ಟಿಂಗೂ ಸೂಪಾ ಅಣೆಕಟ್ಟಿನ ನೀರನ್ನೇ ನಂಬಿದೆ, ಅಲ್ಲಿಯೂ ಅದನ್ನು ಯಾರೂ ದೊಡ್ಡದಾಗಿ ಹೇಳುವುದಿಲ್ಲ ಅನ್ನಿ. ಕಾಡುಹೊಳೆ ಎಂದು ನಂಬಿಸುವ ಆತುರದಲ್ಲಿ ಈ ಉದ್ಯಮ ತನ್ನ ಹೊಳೆಯ ಅತಿ ಸ್ವಾರಸ್ಯದ ಸಂಗತಿಯನ್ನೇ ಬಚ್ಚಿಡುತ್ತಿದೆ. ನೀರು ಬಿಡುವ ಹೊತ್ತು ತಿಳಿಯದೆ ಹೊಳೆಯ ಪಾತ್ರಕ್ಕೆ ಇಳಿಯುವವರಿಗೆ ಹೀಗೆ ಬಚ್ಚಿಡುವುದು ಅಪಾಯ ಕೂಡ.

ಟೆಂಟು ಹೊತ್ತು ಹೋಗಿ ಮಲಗುವ ಆಸೆ ನಿಜವಾಗಿಯೂ ಇದ್ದವರಿಗೆ ರಾಜಮಾಚಿ ಇದೆ. ಲೋಕಲ್ ಹಿಡಿದು ಕರ್ಜತ್, ಅಲ್ಲಿಂದ ಕೊಂಡಿವಡೆ, ಕೊಂಡಾಣೆ ಗುಹೆಗಳನ್ನು ನೋಡಿಕೊಂಡು ಏದುಸಿರು ಬಿಡುತ್ತ ಹತ್ತಿದರೆ ಉಧೇವಾಡಿ. ಕಲ್ಯಾಣದ ನಲ್ಲಿಗಳಿಗೆ ಬರುವ ಉಲ್ಹಾಸ ಹುಟ್ಟುವುದು ಈ ಕಣಿವೆಯಲ್ಲೇ. ಊರವರನ್ನು ಕೇಳಿಕೊಂಡು ಅಂಗಳದಲ್ಲಿ ಟೆಂಟು ಹಾಕಬಹುದು, ಊಟಕ್ಕೆ ಪಿಠಲ-ಭಾಕರಿ ಸಿಗುತ್ತದೆ. ಮಳೆಗಾಲದಲ್ಲಿ ಮಾತ್ರ ಹಳ್ಳದ ಬದಿ ಮಲಗುವ ಸಾಹಸ ಬೇಡ. ಇದೇ ಉಲ್ಹಾಸ 2019ರ ಜುಲೈನಲ್ಲಿ ವಾಂಗಣಿ ಹತ್ತಿರ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ಸನ್ನೇ ನಡುನೀರಲ್ಲಿ ನಿಲ್ಲಿಸಿತ್ತು. ಕೋಲಾಡಿಗೆ ಹೋಗುವವರು ರಾತ್ರಿಯ ಪ್ಯಾಕೇಜಿನ ದುಡ್ಡು ಉಳಿಸಿ, ನಸುಕಿಗೇ ಪನವೇಲ್ ದಾಟಿ, ನೀರು ಬಿಡುವ ಹೊತ್ತಿಗೆ ದಂಡೆಯಲ್ಲಿದ್ದರೆ ಸಾಕು.