ಕಾಲ್ಗುಣ ಮತ್ತು ಕಾಲ್ಚೆಂಡು

"ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು" ಎಂಬ ಗಾದೆಯನ್ನು ಕೇಳದ ಹೆಣ್ಣುಮಗಳು ನಮ್ಮಲ್ಲಿ ಇರಲಾರಳು. ಹಸಿ ಸೌದೆಯನ್ನು ಊದಿ ಊದಿ ಕಣ್ಣು ಕೆಂಪಾಗಿಸಿಕೊಂಡು ಹೇಗೋ ಅನ್ನ ಇಳಿಸಿದ ಮೇಲೆ ಧಗಧಗನೆ ಹೊತ್ತಿಕೊಳ್ಳುವ ಒಲೆಯನ್ನು ಕಂಡವರಿಗೆ ಈ ಮಾತಿನ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಆದರೆ ಈ ಗಾದೆಯನ್ನು ನಾವು ಬಳಸುವುದು ಕೆಟ್ಟವರನ್ನು ಹಂಗಿಸಲು ಮಾತ್ರ. ಆಮೇಲೆ ಬಂದ ಬುದ್ಧಿಯ ಅಳತೆಗೋಲಿನಿಂದ ಹಿಂದಿನ ನಿರ್ಧಾರವನ್ನು ಅಳೆಯುವುದು ನ್ಯಾಯವೇ ಎಂದು ಯಾರೂ ಕೇಳುವುದಿಲ್ಲ. ನನಗೆ ಈ ಪ್ರಶ್ನೆ ಹುಟ್ಟಿದ್ದು ನಮ್ಮ ಊರಿನ ಯಾವ ಜಗಳದಿಂದಲೂ ಅಲ್ಲ. ಅಮೆರಿಕದ ಫುಟ್‌ಬಾಲಿನ ಒಂದು ಹಳೆಯ ವ್ಯವಹಾರದಿಂದ.

ನನ್ನ ತಂಗಿಯ ಮಗ ಡಲ್ಲಾಸಿನಲ್ಲಿದ್ದಾನೆ. ಅವನಿಗೆ ಆ ಆಟದ ಹುಚ್ಚು. "ದೊಡ್ಡಮ್ಮ, ಪ್ರಪಂಚದಲ್ಲಿ ಇಂಥ ದಡ್ಡ ವ್ಯಾಪಾರ ಇನ್ನೊಂದು ನಡೆದಿಲ್ಲ" ಎಂದು ಅವನು ಹೇಳಿದ ಕತೆಯನ್ನೇ ಅಮೆರಿಕದ ಕ್ರೀಡಾ ಬರಹಗಾರರೂ ಮೂರು ದಶಕಗಳಿಂದ ಹೇಳುತ್ತ ಬಂದಿದ್ದಾರೆ. ಅತಿ ಕೆಟ್ಟ ವಿನಿಮಯಗಳ ಪಟ್ಟಿ ಯಾರು ಮಾಡಿದರೂ ಇದಕ್ಕೆ ಮೇಲಿನ ಸಾಲಿನಲ್ಲೇ ಜಾಗ. ಆ ತೀರ್ಪನ್ನು ಒಬ್ಬ ಮೇಷ್ಟರಮ್ಮನಾಗಿ ಕೊಂಚ ಪರೀಕ್ಷಿಸಬೇಕೆನ್ನಿಸಿತು. ಮೌಲ್ಯಮಾಪನ ನನ್ನ ಕಸುಬು ತಾನೆ?

ಮೊದಲು ಆಟದ ವಿಷಯ. ಹೆಸರು ಫುಟ್‌ಬಾಲ್ ಎಂದಿದ್ದರೂ ಅದರಲ್ಲಿ ಕಾಲಿಗಿಂತ ಕೈಗೇ ಕೆಲಸ ಹೆಚ್ಚು. ಚೆಂಡು ಎರಡೂ ತುದಿ ಚೂಪಾದ ಮೊಟ್ಟೆಯಾಕಾರದ್ದು. ಅದನ್ನು ಎಸೆದು ಹಿಡಿಯಬಹುದು, ಇಲ್ಲವೇ ಕಂಕುಳಲ್ಲಿ ಅವುಚಿಕೊಂಡು ಎದುರಾಳಿಗಳ ನಡುವೆ ನುಗ್ಗಿ ಓಡಬಹುದು. ನಾಲ್ಕು ಪ್ರಯತ್ನಗಳಲ್ಲಿ ಹತ್ತು ಗಜ ಮುಂದೆ ಹೋಗದಿದ್ದರೆ ಚೆಂಡು ಎದುರಾಳಿಯ ಪಾಲು. ಪ್ರತಿ ವರ್ಷ ವಸಂತಕಾಲದಲ್ಲಿ, ಕಾಲೇಜುಗಳಲ್ಲಿ ಆಡಿ ಬಂದ ಹುಡುಗರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುತ್ತವೆ. ಹಿಂದಿನ ವರ್ಷ ಎಲ್ಲರಿಗಿಂತ ಹೆಚ್ಚು ಸೋತ ತಂಡಕ್ಕೆ ಮೊದಲ ಸರದಿ. ಸೋತವರ ಕೈಹಿಡಿದು ಎತ್ತುವ ಈ ಪದ್ಧತಿ ನನಗೆ ಬಹಳ ಮೆಚ್ಚಿಗೆಯಾಯಿತು. ಈ ಸರದಿಯ ಹಕ್ಕನ್ನೇ ಬೇರೊಂದು ತಂಡಕ್ಕೆ ಬಿಟ್ಟುಕೊಟ್ಟು ಅವರ ಆಟಗಾರನನ್ನು ಪಡೆಯಲೂಬಹುದು. ಮುಂದಿನ ಎರಡು ಮೂರು ವರ್ಷಗಳ ಹಕ್ಕನ್ನೂ ಕೊಡಬಹುದು. ಇನ್ನೂ ನಾಟಿಯಾಗದ ಪೈರನ್ನು ಈಗಲೇ ಮಾರಿದಂತೆ.

1989ರ ಅಕ್ಟೋಬರ್ 12ರಂದು ನಡೆದದ್ದು ಇಂಥದೇ ವ್ಯವಹಾರ. ಡಲ್ಲಾಸ್ ಕೌಬಾಯ್ಸ್ ತಂಡದಲ್ಲಿ ಹರ್ಷೆಲ್ ವಾಕರ್ ಎಂಬ 27 ವರ್ಷದ ಓಟಗಾರನಿದ್ದ. 1988ರ ಋತುವಿನಲ್ಲಿ ಚೆಂಡು ಹಿಡಿದು 1514 ಗಜ ಓಡಿದ್ದ. ಆ ತಂಡದಲ್ಲಿ ಹೇಳಿಕೊಳ್ಳುವಂಥವನು ಅವನೊಬ್ಬನೇ ಎನ್ನುವಂತಿತ್ತು. ಹೊಸ ಮಾಲೀಕ ಜೆರ್ರಿ ಜೋನ್ಸ್ ಮತ್ತು ಹೊಸ ತರಬೇತುದಾರ ಜಿಮ್ಮಿ ಜಾನ್ಸನ್ ಅವನನ್ನು ಮಿನೆಸೋಟ ವೈಕಿಂಗ್ಸ್ ತಂಡಕ್ಕೆ ಕೊಟ್ಟುಬಿಟ್ಟರು. ಬದಲಿಗೆ ಐವರು ಆಟಗಾರರು, ಜೊತೆಗೆ ಆಯ್ಕೆಯ ಹಕ್ಕುಗಳ ಒಂದು ಕಂತೆ. ಆ ಐವರಲ್ಲಿ ಡ್ಯಾರಿನ್ ನೆಲ್ಸನ್ ಎಂಬಾತ ಡಲ್ಲಾಸಿಗೆ ಹೋಗಲೊಲ್ಲೆನೆಂದಾಗ ಅವನನ್ನು ಸ್ಯಾನ್ ಡಿಯೇಗೋ ತಂಡಕ್ಕೆ ಸಾಗಿಸಿದರು. ಉಳಿದ ಆಟಗಾರರ ಬೆನ್ನಿಗೆ ಒಂದು ಷರತ್ತು ಕಟ್ಟಿತ್ತು: 1990ರ ಫೆಬ್ರವರಿ 1ರೊಳಗೆ ಡಲ್ಲಾಸ್ ಅವರನ್ನು ಕೈಬಿಟ್ಟರೆ, ಅವರ ಬದಲಿಗೆ ಮಿನೆಸೋಟದ ಆಯ್ಕೆಯ ಹಕ್ಕುಗಳು ಡಲ್ಲಾಸಿಗೆ ಸೇರಬೇಕು. ಆಟಗಾರರನ್ನೇ ಇಟ್ಟುಕೊಂಡಾರು ಎಂದು ಮಿನೆಸೋಟದವರು ಎಣಿಸಿದರು. ಜಾನ್ಸನ್ನನ ಕಣ್ಣಿದ್ದದ್ದು ಹಕ್ಕುಗಳ ಮೇಲೆ. ಎಲ್ಲ ಮುಗಿಯುವ ಹೊತ್ತಿಗೆ 1990, 1991, 1992, ಈ ಮೂರೂ ವರ್ಷಗಳ ಮೊದಲನೆಯ ಮತ್ತು ಎರಡನೆಯ ಸುತ್ತಿನ ಹಕ್ಕುಗಳು ಮಿನೆಸೋಟದ ಕೈಬಿಟ್ಟಿದ್ದವು.

ಮುಂದಿನದು ಎಲ್ಲರೂ ಹೇಳುವ ಕತೆ. 1989ರಲ್ಲಿ 16 ಪಂದ್ಯಗಳಲ್ಲಿ ಒಂದೇ ಒಂದನ್ನು ಗೆದ್ದ ಡಲ್ಲಾಸ್, ಆ ಹಕ್ಕುಗಳನ್ನು ಬಳಸಿ, ಕೂಡಿಸಿ, ಬದಲಾಯಿಸಿ ಎಮಿಟ್ ಸ್ಮಿತ್, ರಸೆಲ್ ಮೇರಿಲ್ಯಾಂಡ್, ಕೆವಿನ್ ಸ್ಮಿತ್, ಡ್ಯಾರೆನ್ ವುಡ್‌ಸನ್ ಮೊದಲಾದವರನ್ನು ತಂದಿತು. 1993, 1994, 1996ರ ಜನವರಿಗಳಲ್ಲಿ ಸೂಪರ್ ಬೌಲ್ ಗೆದ್ದಿತು. ಎಮಿಟ್ ಸ್ಮಿತ್ ತನ್ನ ಆಟದ ಜೀವನದಲ್ಲಿ ಒಟ್ಟು 18,355 ಗಜ ಓಡಿ ದಾಖಲೆ ಬರೆದ. ಮಿನೆಸೋಟ 1989ರಲ್ಲೇನೋ 10 ಪಂದ್ಯ ಗೆದ್ದು ಮುಂದಿನ ಹಂತಕ್ಕೆ ಹೋಯಿತು. ಅಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಎದುರು 41-13ರಿಂದ ಸೋತಿತು. 1990ರಲ್ಲಿ ಆರು ಗೆಲುವು, 1991ರಲ್ಲಿ ಎಂಟು. ವಾಕರ್ ಅಲ್ಲಿದ್ದಷ್ಟು ಕಾಲ ಒಂದು ಋತುವಿನಲ್ಲೂ ಸಾವಿರ ಗಜ ಮುಟ್ಟಲಿಲ್ಲ. 1992ರಲ್ಲಿ ಅವನು ಫಿಲಡೆಲ್ಫಿಯಾ ತಂಡ ಸೇರಿದ. ಕತೆ ಮುಗಿಯಿತು, ಕೊಂಡವನು ಮೂರ್ಖ, ಮಾರಿದವನು ಜಾಣ.

ಈ ತೀರ್ಪಿನಲ್ಲಿ ಏನೋ ಕೊರತೆಯಿದೆ. ನಮ್ಮ ಗಣಿತದ ಉತ್ತರ ಪತ್ರಿಕೆಗಳಲ್ಲಿ ಹಂತಗಳಿಗೆ ಅಂಕವಿರುತ್ತದೆ. ಕೊನೆಯ ಉತ್ತರ ತಪ್ಪಿದ್ದರೂ ದಾರಿ ಸರಿಯಿದ್ದ ಹುಡುಗಿಗೆ ಐದಕ್ಕೆ ನಾಲ್ಕು ಕೊಡುತ್ತೇವೆ. ಉತ್ತರ ಸರಿಯಿದ್ದು ನಡುವೆ ದಾರಿಯೇ ಇಲ್ಲದಿದ್ದರೆ, ಪಕ್ಕದವಳ ಪತ್ರಿಕೆಯಿಂದ ಹಾರಿ ಬಂದ ಉತ್ತರವಿರಬಹುದೆಂದು ಒಂದೇ ಅಂಕ ಹಾಕುತ್ತೇವೆ. ಆ ವ್ಯಾಪಾರವನ್ನೂ ಹೀಗೆಯೇ ತಿದ್ದಿದರೆ ಹೇಗೆ? ಷರತ್ತು ಒಂದೇ. ಅಕ್ಟೋಬರ್ 12ರಂದು ಗೊತ್ತಿದ್ದುದನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಮೊದಲು ಡಲ್ಲಾಸಿನ ಪತ್ರಿಕೆ. ಆ ದಿನ ಅವರು ಐದು ಪಂದ್ಯ ಆಡಿ ಐದನ್ನೂ ಸೋತಿದ್ದರು. 1988ರಲ್ಲಿ ವಾಕರ್ ಅಷ್ಟೊಂದು ಓಡಿದರೂ ತಂಡ ಗೆದ್ದದ್ದು 16ರಲ್ಲಿ ಮೂರೇ. ಅಂದಮೇಲೆ ಒಬ್ಬನ ಓಟದಿಂದ ತಂಡ ನಿಲ್ಲುವುದಿಲ್ಲ ಎಂಬುದು ಅವರ ಕಣ್ಣೆದುರಿಗೇ ಇತ್ತು. ಇರುವ ಒಂದು ಒಡವೆಯನ್ನು ಮಾರಿ ಮನೆಯ ತಳಪಾಯ ಕಟ್ಟಿಸಿಕೊಂಡರು. ಆ ವಾರ ಡಲ್ಲಾಸಿನ ಪತ್ರಿಕೆಗಳಲ್ಲಿ ಗೇಲಿಗೆ ಸಿಕ್ಕವರು ಇವರೇ ಎಂಬುದನ್ನು ಮರೆಯಬಾರದು. ಇಂದು ಜಾಣತನವಾಗಿ ಕಾಣುವುದು ಅಂದು ಊರಿಗೆಲ್ಲ ಹುಚ್ಚುತನವಾಗಿ ಕಂಡಿತ್ತು. ದಾರಿ ಸರಿಯಿದೆ, ಐದಕ್ಕೆ ನಾಲ್ಕೂವರೆ ಧಾರಾಳವಾಗಿ ಕೊಡಬಹುದು.

ಪೂರ್ಣ ಅಂಕ ಏಕಿಲ್ಲವೆಂದರೆ, ಉಳಿದದ್ದು ಅದೃಷ್ಟದ ಪಾಲು. 1990ರ ಆಯ್ಕೆಯಲ್ಲಿ ಡಲ್ಲಾಸಿನವರು ಮೊದಲು ಬಯಸಿದ್ದು ಜೇಮ್ಸ್ ಫ್ರಾನ್ಸಿಸ್ ಎಂಬ ರಕ್ಷಣಾ ಆಟಗಾರನನ್ನು. ಅವನನ್ನು 12ನೆಯ ಸರದಿಯಲ್ಲಿ ಸಿನ್ಸಿನಾಟಿಯವರು ಕೊಂಡೊಯ್ದರು. ಎಮಿಟ್ ಸ್ಮಿತ್ ಸಿಕ್ಕಿದ್ದು 17ನೆಯ ಸರದಿಯಲ್ಲಿ, ಅದೂ 21ನೆಯ ಸರದಿಯಿಂದ ಮುಂದೆ ಬರಲು ಪಿಟ್ಸ್‌ಬರ್ಗ್ ತಂಡಕ್ಕೆ ಇನ್ನೊಂದು ಹಕ್ಕು ಕೊಟ್ಟ ಮೇಲೆ. ಸಿನ್ಸಿನಾಟಿಯವರು ಬೇರೆ ಯಾರನ್ನೋ ಕರೆದಿದ್ದರೆ ಇತಿಹಾಸವೇ ಬೇರೆಯಾಗುತ್ತಿತ್ತು. ಇನ್ನು ಚೆಂಡು ಎಸೆಯುವ ಟ್ರಾಯ್ ಏಕ್‌ಮನ್ 1989ರ ಏಪ್ರಿಲಿನಲ್ಲೇ ಬಂದಿದ್ದ. ಅದನ್ನು ಹಿಡಿಯುವ ಮೈಕಲ್ ಅರ್ವಿನ್ 1988ರಲ್ಲೇ ಬಂದಿದ್ದ. ಇವರಿಬ್ಬರಿಗೂ ವಾಕರನ ವ್ಯಾಪಾರಕ್ಕೂ ಸಂಬಂಧವಿಲ್ಲ. ಮೂರು ಪ್ರಶಸ್ತಿಗಳನ್ನೂ ಆ ಒಂದೇ ಕಾಗದದ ಖಾತೆಗೆ ಬರೆಯುವುದು ಲೆಕ್ಕ ತಪ್ಪಿದಂತೆ.

ಇದೇ ಜಾಣರು ಅದೇ 1989ರ ಜುಲೈನಲ್ಲಿ ಮಾಡಿದ ಇನ್ನೊಂದು ವ್ಯವಹಾರವನ್ನು ಯಾರೂ ನೆನೆಯುವುದಿಲ್ಲ. ಏಕ್‌ಮನ್ ಇರುವಾಗಲೇ ಅದೇ ಜಾಗಕ್ಕೆ ಸ್ಟೀವ್ ವಾಲ್ಶ್ ಎಂಬಾತನನ್ನು ಪೂರಕ ಆಯ್ಕೆಯಲ್ಲಿ ತೆಗೆದುಕೊಂಡರು. ಅದರ ಬೆಲೆ 1990ರ ಮೊದಲ ಸುತ್ತಿನ ಸ್ವಂತ ಹಕ್ಕು. ತಂಡ ಎಲ್ಲರಿಗಿಂತ ಹಿಂದೆ ಬಿದ್ದುದರಿಂದ ಕೈಬಿಟ್ಟುಹೋದದ್ದು ಇಡೀ ದೇಶದ ಮೊಟ್ಟಮೊದಲ ಸರದಿ! 1990ರಲ್ಲಿ ವಾಲ್ಶನನ್ನು ನ್ಯೂ ಆರ್ಲಿಯನ್ಸಿಗೆ ಕೊಟ್ಟು ಮೊದಲ ಸುತ್ತಿನದೂ ಸೇರಿ ಮೂರು ಹಕ್ಕು ಪಡೆದು ಸರಿದೂಗಿಸಿಕೊಂಡರು, ನಿಜ. ಆದರೆ ಆಮೇಲೆ ಪ್ರಶಸ್ತಿಗಳು ಬರದೇ ಇದ್ದಿದ್ದರೆ ಈ ವಾಲ್ಶ್ ಪ್ರಕರಣ ಗಾದೆಯಾಗಿ ಉಳಿಯುತ್ತಿತ್ತು. ಗೆದ್ದವನ ಮನೆಯ ಒಡಕು ಪಾತ್ರೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಈಗ ಮಿನೆಸೋಟದ ಪತ್ರಿಕೆ. ಇವರು ನಾಲ್ಕು ಸಲ ಸೂಪರ್ ಬೌಲಿನವರೆಗೆ ಹೋಗಿ ನಾಲ್ಕೂ ಸಲ ಸೋತವರು. 1987ರ ಋತುವಿನಲ್ಲಿ ಅಂತಿಮ ಪಂದ್ಯಕ್ಕೆ ಒಂದೇ ಮೆಟ್ಟಿಲು ಉಳಿದಿರುವಾಗ ವಾಷಿಂಗ್‌ಟನ್ ಎದುರು 17-10ರಿಂದ ಎಡವಿದರು. 1988ರಲ್ಲಿ 11 ಪಂದ್ಯ ಗೆದ್ದರು. ಒಬ್ಬ ಬಲವಾದ ಓಟಗಾರ ಬಂದರೆ ಆ ಮೆಟ್ಟಿಲು ಹತ್ತಬಹುದು ಎಂದು ವ್ಯವಸ್ಥಾಪಕ ಮೈಕ್ ಲಿನ್ ಎಣಿಸಿದ್ದರಲ್ಲಿ ಮೂರ್ಖತನವಿಲ್ಲ. ಗುರಿ ಸರಿ, ಹಸಿವು ಸಹಜ. ಅದಕ್ಕೆ ಎರಡು ಅಂಕ ಕೊಡಲೇಬೇಕು.

ಉಳಿದ ಮೂರು ಅಂಕ ಹೋಗುವುದು ಆ ದಿನವೇ ಕಾಣುತ್ತಿದ್ದ ತಪ್ಪುಗಳಿಗಾಗಿ. ಒಬ್ಬನಿಗಾಗಿ ಮೂರು ವರ್ಷಗಳ ಬಿತ್ತನೆ ಬೀಜವನ್ನು ಅಳೆದುಕೊಟ್ಟದ್ದು ಒಂದು. ಕಾಗದದ ಷರತ್ತನ್ನು ಎದುರಿನವನು ಹೇಗೆ ಓದಿಯಾನು ಎಂದು ಯೋಚಿಸದೆ, ತಾವು ಓದಿದಂತೆಯೇ ಅವನೂ ಓದುತ್ತಾನೆಂದು ನಂಬಿದ್ದು ಎರಡು. ಬಂದವನನ್ನು ಹೇಗೆ ಆಡಿಸಬೇಕೆಂಬ ಸಿದ್ಧತೆ ಇಲ್ಲದಿದ್ದದ್ದು ಮೂರು. ಗುರುವಾರ ವ್ಯಾಪಾರ, ಭಾನುವಾರ ಪಂದ್ಯ! ಅವರ ಆಟದ ಕ್ರಮ ಬೇರೊಬ್ಬರಿಗಾಗಿ ಹೆಣೆದದ್ದು. ಗಮನಿಸಿ, ಈ ಮೂರು ತಪ್ಪುಗಳಿಗೂ ಎಮಿಟ್ ಸ್ಮಿತ್ ಮುಂದೆ ದೊಡ್ಡವನಾದದ್ದಕ್ಕೂ ಸಂಬಂಧವೇ ಇಲ್ಲ. ಡಲ್ಲಾಸ್ ಆ ಹಕ್ಕುಗಳನ್ನೆಲ್ಲ ಹಾಳುಮಾಡಿಕೊಂಡಿದ್ದರೂ ಇವು ತಪ್ಪುಗಳೇ. ನನ್ನ ಲೆಕ್ಕದಲ್ಲಿ ಮಿನೆಸೋಟಕ್ಕೆ ಐದಕ್ಕೆ ಎರಡು. ಅನುತ್ತೀರ್ಣರಾದವರು ಅಲ್ಲ, ದಡ್ಡರಂತೂ ಅಲ್ಲ.

ಹಂತಗಳನ್ನು ನೋಡುವ ಪದ್ಧತಿ ಗೆದ್ದವರಿಗೂ ನ್ಯಾಯ ಕೊಡುತ್ತದೆ. 1992ರ ಫೆಬ್ರವರಿಯಲ್ಲಿ ಗ್ರೀನ್ ಬೇ ತಂಡದ ರಾನ್ ವುಲ್ಫ್, ಅಟ್ಲಾಂಟದಲ್ಲಿ ಮೂಲೆಗೆ ಬಿದ್ದಿದ್ದ ಬ್ರೆಟ್ ಫಾವ್ರ್ ಎಂಬ ಹುಡುಗನಿಗಾಗಿ ಮೊದಲ ಸುತ್ತಿನ ಹಕ್ಕು ಕೊಟ್ಟ. ಆ ಹುಡುಗ ಹಿಂದಿನ ವರ್ಷ ಎಸೆದದ್ದೇ ನಾಲ್ಕು ಸಲ. ಒಂದೂ ತನ್ನವರ ಕೈ ಸೇರದೆ, ಎರಡು ಎದುರಾಳಿಗಳ ಪಾಲಾಗಿತ್ತು. ಅವನೇ ಮುಂದೆ 1997ರ ಜನವರಿಯಲ್ಲಿ ಗ್ರೀನ್ ಬೇಗೆ ಸೂಪರ್ ಬೌಲ್ ಗೆಲ್ಲಿಸಿಕೊಟ್ಟಾಗ ಅದನ್ನು ಲಾಟರಿ ಎಂದವರುಂಟು. ಆದರೆ ವುಲ್ಫ್ 1991ರಲ್ಲಿ ನ್ಯೂಯಾರ್ಕ್ ಜೆಟ್ಸ್ ತಂಡದಲ್ಲಿದ್ದಾಗಲೇ ಇವನನ್ನು ಚೆನ್ನಾಗಿ ನೋಡಿ ಮೆಚ್ಚಿದ್ದ. ಅವರ ಸರದಿ 34ನೆಯದು, ಅಟ್ಲಾಂಟದ್ದು 33ನೆಯದು, ಒಂದೇ ಹೆಜ್ಜೆಯಲ್ಲಿ ತಪ್ಪಿತ್ತು. ಅಂದರೆ ಉತ್ತರದ ಹಿಂದೆ ಹಂತಗಳಿದ್ದವು. ಫಲ ಬರುವುದಕ್ಕೆ ಮುಂಚೆಯೇ ಕಾರಣವಿತ್ತು. ಮೆಚ್ಚಬೇಕಾದದ್ದು ಅದನ್ನು.

ಇಷ್ಟು ತಿದ್ದಿದ ಮೇಲೂ ನನ್ನನ್ನು ಕಾಡಿದವನು ವಾಕರ್. ವೈಕಿಂಗ್ಸ್ ಪರ ಮೊದಲ ಪಂದ್ಯದಲ್ಲಿ ಅವನು ಗ್ರೀನ್ ಬೇ ಎದುರು 148 ಗಜ ಓಡಿದ. ಒಂದು ಓಟದಲ್ಲಿ ಕಾಲಿನ ಶೂ ಕಳಚಿಹೋದರೂ ನಿಲ್ಲದೆ ಓಡಿದ. ತಂಡ ಗೆದ್ದಿತು, ಊರೆಲ್ಲ ಹರ್ಷ. ಕಾಲಿಟ್ಟ ಗಳಿಗೆ ಒಳ್ಳೆಯದು ಎಂದರು, ನಮ್ಮ ಭಾಷೆಯಲ್ಲಿ ಹೇಳುವುದಾದರೆ. ಸೋಲುಗಳು ಬಂದಂತೆ ಅದೇ ಕಾಲ್ಗುಣ ಕೆಟ್ಟದ್ದಾಯಿತು. ಆ ಒಪ್ಪಂದಕ್ಕೆ ಇಂದಿಗೂ ಇರುವ ಹೆಸರು 'ಹರ್ಷೆಲ್ ವಾಕರ್ ವಿನಿಮಯ'. ಬೆಲೆ ಕಟ್ಟಿದವರು ಬೇರೆ, ಷರತ್ತು ಬರೆದವರು ಬೇರೆ, ಕೊಟ್ಟವರು ಬೇರೆ, ಕೊಂಡವರು ಬೇರೆ. ಹೆಸರು ಮಾತ್ರ ಸಾಗಿಸಲ್ಪಟ್ಟವನದು. ಅದೇ ವಾಕರ್ 1992ರಲ್ಲಿ ಫಿಲಡೆಲ್ಫಿಯಾದಲ್ಲಿ 1070 ಗಜ ಓಡಿದ. ಕಾಲಿನಲ್ಲಿ ಕುಂದಿರಲಿಲ್ಲ, ಆಡಿಸಿದ ರೀತಿಯಲ್ಲಿತ್ತು.

ನಮಗೆ ಈ ಮಾತು ಬಿಡಿಸಿ ಹೇಳಬೇಕೆ? ಹೊಸ ಸೊಸೆ ಬಂದ ವರ್ಷ ಮಾವನಿಗೆ ಬಡ್ತಿ ಸಿಕ್ಕರೆ ಅವಳು ಲಕ್ಷ್ಮಿ. ಅಂಗಡಿಗೆ ನಷ್ಟವಾದರೆ ಅವಳ ಕಾಲ್ಗುಣ. ಸಾಲ ಮಾಡಿದ್ದು ಅವಳು ಬರುವ ಮೊದಲೇ ಎಂಬುದು ಯಾರ ನೆನಪಿಗೂ ಬಾರದು. ವಾಕರ್ ಹೋಗುವಾಗ ಹಣ ಕೈಗೆ ಬಂದಿತ್ತು, ಒಲ್ಲೆನೆಂದ ನೆಲ್ಸನ್ನನ ಮಾತು ನಡೆಯಿತು. ನಮ್ಮ ಎಷ್ಟೋ ಹೆಣ್ಣುಮಕ್ಕಳಿಗೆ ಇವೆರಡೂ ಇರಲಿಲ್ಲ. ಆದರೂ ಫಲದ ಲೆಕ್ಕವೆಲ್ಲ ಅವರ ತಲೆಯ ಮೇಲೆ.

ಹಿಂದಿನದನ್ನು ವಿಮರ್ಶಿಸಲೇಬಾರದು ಎಂದು ನಾನು ಹೇಳುತ್ತಿಲ್ಲ. ವಿಮರ್ಶೆ ಇಲ್ಲದೆ ಕಲಿಕೆಯಿಲ್ಲ. ಆದರೆ ಎರಡು ಖಾತೆ ಬೇರೆ ಬೇರೆ ಇರಲಿ: ಆ ದಿನ ಏನು ಗೊತ್ತಿತ್ತು, ಏನು ಯೋಚಿಸಿದರು ಎಂಬುದು ಒಂದು, ಆಮೇಲೆ ಏನಾಯಿತು ಎಂಬುದು ಇನ್ನೊಂದು. ನಿವೇಶನ ಕೊಳ್ಳುವಾಗ, ಮಗಳಿಗೆ ಗಂಡು ಒಪ್ಪಿಕೊಳ್ಳುವಾಗ, ಕೆಲಸ ಬಿಡುವಾಗ ಏಕೆ ಹೀಗೆ ಮಾಡುತ್ತಿದ್ದೇವೆ ಎಂದು ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಾದರೂ ತಾರೀಖು ಹಾಕಿ ನಾಲ್ಕು ಸಾಲು ಬರೆದಿಡಿ. ಹತ್ತು ವರ್ಷದ ಮೇಲೆ "ಆಗಲೇ ನಾನು ಹೇಳಿದ್ದೆ" ಎನ್ನುವವರು ಮನೆತುಂಬ ಇರುತ್ತಾರೆ. ಆಗ ಆ ಹಾಳೆಯನ್ನು ತೆಗೆದು ಅವರ ಮುಂದಿಡಬಹುದು.