ನನ್ನ ಐದು ಚಿತ್ರಗಳು, ನನ್ನ ಅಳತೆಗೋಲು

ಇಂಗ್ಲೆಂಡಿನ 'ಸೈಟ್ ಅಂಡ್ ಸೌಂಡ್' ಎಂಬ ಪತ್ರಿಕೆ ಹತ್ತು ವರ್ಷಕ್ಕೊಮ್ಮೆ ಜಗತ್ತಿನ ವಿಮರ್ಶಕರ ಮತ ಕೇಳಿ ಶ್ರೇಷ್ಠ ಚಲನಚಿತ್ರಗಳ ಪಟ್ಟಿಯೊಂದನ್ನು ಮಾಡುತ್ತದೆ. 1952ರಿಂದ ನಡೆದುಬಂದ ಪದ್ಧತಿ ಇದು. 1962ರಿಂದ 2002ರವರೆಗೆ ಪ್ರತಿ ಸಲವೂ ಮೊದಲ ಸ್ಥಾನ 'ಸಿಟಿಜನ್ ಕೇನ್' ಚಿತ್ರದ್ದೇ. 2012ರಲ್ಲಿ ಅದನ್ನು 'ವರ್ಟಿಗೋ' ಕೆಳಗಿಳಿಸಿತು. 2022ರಲ್ಲಿ ಯಾರೂ ನಿರೀಕ್ಷಿಸದ ಚಿತ್ರವೊಂದು ಮೇಲೆ ಬಂದು ಕೂತಿತು. ಅದು ಶಾಂತಾಲ್ ಅಕರ್ಮನ್ ಎಂಬ ಹೆಣ್ಣುಮಗಳು ತನ್ನ ಇಪ್ಪತ್ತೈದರ ಆಸುಪಾಸಿನಲ್ಲಿ ಮಾಡಿದ, 1975ರ 'ಝಾನ್ ದೀಲ್ಮನ್'. ವಿಧವೆ ತಾಯಿಯೊಬ್ಬಳ ಮೂರು ದಿನದ ಬದುಕು ಅದರ ವಸ್ತು. ಅವಳು ಆಲೂಗಡ್ಡೆ ಸಿಪ್ಪೆ ತೆಗೆಯುತ್ತಾಳೆ, ಪಾತ್ರೆ ತೊಳೆಯುತ್ತಾಳೆ, ಮಗನಿಗೆ ಬಡಿಸುತ್ತಾಳೆ. ಕ್ಯಾಮೆರಾ ಅವಸರ ಮಾಡದೆ ನೋಡುತ್ತ ಕೂರುತ್ತದೆ. ಮೂರು ಗಂಟೆ ಇಪ್ಪತ್ತು ನಿಮಿಷ! ಅಡಿಗೆಮನೆಯ ಕೆಲಸಕ್ಕೆ ಇಷ್ಟು ಗೌರವ ಸಿಗಲು ಜಗತ್ತಿಗೆ ಎಪ್ಪತ್ತು ವರ್ಷ ಬೇಕಾಯಿತು.

ಅದೇ 2022ರಲ್ಲಿ ಅಂತರರಾಷ್ಟ್ರೀಯ ವಿಮರ್ಶಕರ ಒಕ್ಕೂಟದ ಭಾರತೀಯ ಘಟಕವೂ ಒಂದು ಪಟ್ಟಿ ಮಾಡಿತು. ಮೂವತ್ತು ಸದಸ್ಯರು ಗುಟ್ಟಾಗಿ ಮತ ಹಾಕಿ ಭಾರತದ ಹತ್ತು ಶ್ರೇಷ್ಠ ಚಿತ್ರಗಳನ್ನು ಆರಿಸಿದರು. ಮೊದಲನೆಯದು ಸತ್ಯಜಿತ್ ರಾಯ್ ಅವರ 'ಪಥೇರ್ ಪಾಂಚಾಲಿ'. ಐದನೆಯದು ನಮ್ಮ ಗಿರೀಶ ಕಾಸರವಳ್ಳಿಯವರ 'ಘಟಶ್ರಾದ್ಧ'. ಕನ್ನಡಿಗರು ಹೆಮ್ಮೆ ಪಡುವ ಮಾತೇ. ಆದರೆ ಹತ್ತು ಹೆಸರುಗಳನ್ನು ಮತ್ತೊಮ್ಮೆ ಓದಿದಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಹತ್ತರಲ್ಲಿ ಒಂದನ್ನೂ ಹೆಂಗಸು ನಿರ್ದೇಶಿಸಿಲ್ಲ.

ಇಪ್ಪತ್ತೆಂಟು ವರ್ಷದಿಂದ ಉತ್ತರಪತ್ರಿಕೆ ತಿದ್ದುತ್ತಿರುವವಳು ನಾನು. ಅಂಕ ಕೊಡುವುದು ಎಷ್ಟು ಅನುಮಾನದ ಕೆಲಸ ಎಂದು ಗೊತ್ತು. ಒಂದೇ ಪ್ರಬಂಧಕ್ಕೆ ನಾನು ಏಳು ಕೊಟ್ಟರೆ ಪಕ್ಕದ ಕುರ್ಚಿಯ ಮೇಷ್ಟ್ರು ನಾಲ್ಕು ಕೊಡುತ್ತಾರೆ. ಅವರು ಕಾಗುಣಿತ ನೋಡುತ್ತಾರೆ, ನಾನು ಹುಡುಗಿ ಏನು ಹೇಳಹೊರಟಿದ್ದಾಳೆ ಎಂದು ನೋಡುತ್ತೇನೆ. ಇಬ್ಬರದೂ ಅಳತೆಗೋಲೇ. ಯಾವ ಕೋಲು ಎಂದು ಮೊದಲೇ ಹೇಳಿಬಿಟ್ಟರೆ ಜಗಳ ಅರ್ಧ ಮುಗಿದಂತೆ. ವಿಮರ್ಶಕರ ಪಟ್ಟಿಗಳಲ್ಲಿ ನನಗೆ ಸಿಗದೆ ಹೋಗುವುದು ಅದೇ. ಆದ್ದರಿಂದ ನನ್ನ ಪಟ್ಟಿ ಮಾಡುವ ಮುಂಚೆ ನನ್ನ ಕೋಲನ್ನು ನಿಮ್ಮ ಮುಂದೆ ಇಡುತ್ತೇನೆ: ಚಿತ್ರ ಮುಗಿದ ಮೇಲೆ ಅದರ ಹೆಣ್ಣು ಎಲ್ಲಿ ಹೋದಳು? ಬದುಕಿದಳೋ, ಸತ್ತಳೋ? ಬದುಕಿದ್ದರೆ ಯಾರ ಮಾತಿನಂತೆ?

ಇದು ಕಲೆಯ ಅಳತೆ ಅಲ್ಲವಲ್ಲ ಎಂದು ನೀವು ಕೇಳಬಹುದು. ಕ್ಯಾಮೆರಾ ಯಾರ ಪಕ್ಕ ನಿಂತಿದೆ, ಕೊನೆಯಲ್ಲಿ ಯಾರನ್ನು ಬಿಟ್ಟು ಯಾರ ಹಿಂದೆ ಹೋಗುತ್ತದೆ, ಇವನ್ನೆಲ್ಲ ನಿರ್ದೇಶಕರು ಯೋಚಿಸಿಯೇ ಮಾಡಿರುತ್ತಾರೆ. ಹಾಗಾಗಿ ನನ್ನ ಪ್ರಶ್ನೆ ಕಲೆಯ ಒಳಗಿನದೇ ಎಂದು ನನ್ನ ನಂಬಿಕೆ.

ಈ ಕೋಲು ಹಿಡಿದ ಕೂಡಲೇ ಪಟ್ಟಿಯಿಂದ ಹೊರಗೆ ಹೋದದ್ದು 'ನಾಗರಹಾವು'. 1972ರ ಪುಟ್ಟಣ್ಣ ಕಣಗಾಲರ ಈ ಚಿತ್ರವನ್ನು ಮೆಚ್ಚದ ಮನೆ ನಮ್ಮಲ್ಲಿ ಇಲ್ಲ. ಚಿತ್ರದುರ್ಗದ ಕಲ್ಲುಕೋಟೆ, ಒನಕೆ ಹಿಡಿದು ನಿಂತ ಜಯಂತಿಯವರ ಓಬವ್ವ, ಅಶ್ವತ್ಥ್ ಅವರ ಚಾಮಯ್ಯ ಮೇಷ್ಟ್ರು, ಇವರನ್ನು ಯಾರು ಮರೆತಾರು? ಆದರೆ ವೃತ್ತಿಯಲ್ಲಿ ಅದೇ ಜಾತಿಗೆ ಸೇರಿದ ನನಗೆ ಚಾಮಯ್ಯನವರ ಮೇಲೆ ಒಂದು ತಕರಾರಿದೆ. ರಾಮಾಚಾರಿ ಮತ್ತು ಅಲಮೇಲು ಪ್ರೀತಿಸುತ್ತಾರೆ. ಮೇಷ್ಟ್ರು ಶಿಷ್ಯನನ್ನು ಕರೆದು ತ್ಯಾಗ ಮಾಡು ಎನ್ನುತ್ತಾರೆ. ಗುರುವಿನ ಮಾತಿಗೆ ಶಿಷ್ಯ ಅವಳನ್ನು ಬಿಟ್ಟುಕೊಡುತ್ತಾನೆ. ಗುರುಭಕ್ತಿಗೆ ನಾವೆಲ್ಲ ಕಣ್ಣೀರು ಹಾಕುತ್ತೇವೆ. ಆ ಮದುವೆ ಅಲಮೇಲುವನ್ನು ಎಲ್ಲಿಗೆ ತಳ್ಳಿತು ಎಂಬುದು ಚಿತ್ರ ನೋಡಿದವರಿಗೆ ಗೊತ್ತು. ನಾನು ಕೇಳುವುದಿಷ್ಟೆ: ಬಿಟ್ಟುಕೊಡಲು ಅವಳೇನು ಅವನ ಜೇಬಿನ ಪೆನ್ನೇ? ಮೇಷ್ಟ್ರು ಒಂದು ಸಲವಾದರೂ ಅವಳನ್ನು ಕೂರಿಸಿಕೊಂಡು, "ನಿನಗೇನು ಬೇಕಮ್ಮ?" ಎಂದು ಕೇಳಿದರೇ?

ಇದು ಹಳೆಯ ಸಿನಿಮಾದ ಮಾತು ಎಂದು ತಳ್ಳಿಹಾಕಬೇಡಿ. ಹತ್ತನೆಯ ತರಗತಿ ಮುಗಿಯುವ ಹೊತ್ತಿಗೆ ಇಂದಿಗೂ ಯಾರಾದರೂ ತಾಯಿ ತಂದೆ ಶಾಲೆಗೆ ಬರುತ್ತಾರೆ. "ಟೀಚರ್, ಒಳ್ಳೆ ಕಡೆಯ ಸಂಬಂಧ. ಇವಳು ಓದಬೇಕು ಅಂತ ಹಟ ಹಿಡಿದಿದ್ದಾಳೆ. ನೀವೊಂದು ಮಾತು ಹೇಳಿ, ನಿಮ್ಮ ಮಾತು ಕೇಳ್ತಾಳೆ." ನಾನು ಹೇಳುವ ಉತ್ತರ ಒಂದೇ. "ಹುಡುಗಿಗೆ ಹದಿನೆಂಟು ತುಂಬಿಲ್ಲ, ಅದು ಕಾನೂನು. ತುಂಬಿದ ಮೇಲೂ ಮೊದಲು ಅವಳನ್ನು ಕೇಳಿ." ಶಿಷ್ಯರು ನಮ್ಮ ಮಾತು ಕೇಳುತ್ತಾರೆಂಬುದಕ್ಕಾಗಿಯೇ ನಾವು ಶಿಕ್ಷಕರು ಮಾತಾಡುವ ಮುಂಚೆ ಸ್ವಲ್ಪ ಹೆದರಬೇಕು. ಚಾಮಯ್ಯನವರು ಹೆದರಲಿಲ್ಲ.

ಇನ್ನು ಪಟ್ಟಿ. ಐದನೆಯ ಸ್ಥಾನದಿಂದ ಮೇಲಕ್ಕೆ ಹೋಗೋಣ.

ಐದನೆಯದು 'ಶರಪಂಜರ', 1971. ತ್ರಿವೇಣಿಯವರ ಕಾದಂಬರಿ, ಪುಟ್ಟಣ್ಣನವರ ನಿರ್ದೇಶನ, ಕಲ್ಪನಾ ಅವರ ಕಾವೇರಿ. ಬಾಣಂತನದಲ್ಲಿ ಮನಸ್ಸು ಕದಡಿದ ಹೆಣ್ಣೊಬ್ಬಳು ಆಸ್ಪತ್ರೆಯಲ್ಲಿ ಗುಣವಾಗಿ ಮನೆಗೆ ಬರುತ್ತಾಳೆ. ಬಂದರೆ ಯಾರೂ ಅವಳನ್ನು ಗುಣವಾದವಳೆಂದು ನಂಬುವುದಿಲ್ಲ. ಜೋರಾಗಿ ನಕ್ಕರೂ ಅನುಮಾನ, ಸುಮ್ಮನೆ ಕೂತರೂ ಅನುಮಾನ. ಗಂಡನ ಮನಸ್ಸು ಬೇರೆ ಕಡೆ ಹೋಗಿದೆ. ಕಾಯಿಲೆ ವಾಸಿಯಾದವಳನ್ನು ಮನೆಮಂದಿಯೇ ಮತ್ತೆ ಕಾಯಿಲೆಗೆ ದೂಡುವುದನ್ನು ಇಷ್ಟು ಸ್ಪಷ್ಟವಾಗಿ ತೋರಿಸಿದ ಚಿತ್ರ ಕಡಿಮೆ. ಬಾಣಂತಿಯರ ಮನೋರೋಗಕ್ಕೆ ಚಿಕಿತ್ಸೆ ಇದೆ, ಅದು ದೆವ್ವವೂ ಅಲ್ಲ, ಶಾಪವೂ ಅಲ್ಲ ಎಂಬುದನ್ನು ಇಂದಿಗೂ ನಮ್ಮ ಬೀದಿಗಳಲ್ಲಿ ಬಿಡಿಸಿ ಹೇಳಬೇಕಾಗಿದೆ. ಮತ್ತೆ ಏಕೆ ಐದನೆಯ ಸ್ಥಾನ? ಅವಳ ರೋಗದ ಬೇರನ್ನು ಮದುವೆಗೆ ಮುಂಚಿನ ಒಂದು ಘಟನೆಗೆ, ಅಂದರೆ ಶೀಲದ ಪ್ರಶ್ನೆಗೆ ಗಂಟು ಹಾಕಿದ್ದರಿಂದ. ಕೊನೆಗೆ ಕಾವೇರಿ ಮತ್ತೆ ಹುಚ್ಚಿಯಾಗುತ್ತಾಳೆ. ಇದೇ ನಿರ್ದೇಶಕರ 'ಗೆಜ್ಜೆಪೂಜೆ'ಯ ಚಂದ್ರಾ ಸಾಯುತ್ತಾಳೆ. ನಮ್ಮ ಅಳು ಸಿನಿಮಾ ಮಂದಿರದಲ್ಲೇ ಆರಿಹೋಗುತ್ತದೆ.

ನಾಲ್ಕನೆಯದು 'ಘಟಶ್ರಾದ್ಧ', 1977. ಅನಂತಮೂರ್ತಿಯವರ ಕತೆ. ಅದು ಕಾಸರವಳ್ಳಿಯವರ ಮೊದಲ ಚಿತ್ರ, ಮೊದಲ ಚಿತ್ರಕ್ಕೇ ಸ್ವರ್ಣಕಮಲ. 2024ರಲ್ಲಿ ಅದರ ಪುನರುಜ್ಜೀವಗೊಳಿಸಿದ ಪ್ರತಿ ವೆನಿಸ್ ಚಿತ್ರೋತ್ಸವದಲ್ಲಿ ತೆರೆಕಂಡಿತು. ವೇದಪಾಠಶಾಲೆಯ ಉಡುಪರ ವಿಧವೆ ಮಗಳು ಯಮುನಕ್ಕ ಗರ್ಭಿಣಿಯಾಗುತ್ತಾಳೆ. ಕಾರಣನಾದವನು ಊರಿನ ಶಾಲೆಯ ಮೇಷ್ಟ್ರು (ಮತ್ತೆ ಮೇಷ್ಟ್ರು!), ಅವನು ಜಾರಿಕೊಳ್ಳುತ್ತಾನೆ. ಬದುಕಿರುವ ಮಗಳಿಗೆ ತಂದೆ ಶ್ರಾದ್ಧ ಮಾಡುತ್ತಾನೆ. ಇತ್ತ ಮಗಳ ತಲೆ ಬೋಳಾಗಿದೆ, ಅತ್ತ ಅಪ್ಪನಿಗೆ ಚಿಕ್ಕ ಹುಡುಗಿಯೊಬ್ಬಳ ಜೊತೆ ಮರುಮದುವೆಯ ಮಾತು ನಡೆದಿದೆ. ಇಷ್ಟನ್ನೂ ಚಿತ್ರ ಎಲ್ಲಿಯೂ ಕೂಗಾಡದೆ ಹೇಳುತ್ತದೆ. ನಾಣಿ ಎಂಬ ಪುಟ್ಟ ಹುಡುಗನ ಕಣ್ಣಿನಿಂದ ನೋಡಿಸುವುದು ಅದರ ದೊಡ್ಡ ಗುಣ. ನನ್ನ ಕೋಲಿಗೆ ಅದೇ ಅದರ ಮಿತಿ. ನಾಣಿಯನ್ನು ಅಪ್ಪ ಬಂದು ಕರೆದೊಯ್ಯುತ್ತಾನೆ, ನಾವೂ ಅವನ ಜೊತೆ ಹೊರಡುತ್ತೇವೆ. ಯಮುನಕ್ಕ ಮರದ ಕೆಳಗೇ ಉಳಿಯುತ್ತಾಳೆ. ಅವಳ ಮನಸ್ಸಿನಲ್ಲಿ ಏನಿತ್ತೆಂದು ತಿಳಿಯುವಷ್ಟು ದೊಡ್ಡವನಲ್ಲ ನಾಣಿ. ವಿಮರ್ಶಕರ ದೇಶಕ್ಕೆ ಐದನೆಯದು, ನನ್ನ ಮನೆಗೆ ನಾಲ್ಕನೆಯದು. ಅವರಿಗಿಂತ ಒಂದು ಸ್ಥಾನ ಮೇಲೆಯೇ ಕೊಟ್ಟಿದ್ದೇನಲ್ಲ!

ಮೂರನೆಯದು 'ದ್ವೀಪ', 2002. ನಾ. ಡಿಸೋಜ ಅವರ ಕೃತಿ, ಇದೂ ಕಾಸರವಳ್ಳಿಯವರದೇ, ಇದಕ್ಕೂ ಸ್ವರ್ಣಕಮಲ. ತಾರೆಯಾಗಿ ಮೆರೆಯುತ್ತಿದ್ದ ಸೌಂದರ್ಯ ತಾವೇ ಹಣ ಹಾಕಿ ನಿರ್ಮಿಸಿ, ನಾಗಿಯ ಪಾತ್ರ ಮಾಡಿದರು. ಎರಡೇ ವರ್ಷಕ್ಕೆ, 2004ರಲ್ಲಿ, ವಿಮಾನ ದುರಂತದಲ್ಲಿ ತೀರಿಕೊಂಡರು. ಅಣೆಕಟ್ಟಿನ ನೀರು ಏರಿ ಊರು ಮುಳುಗುತ್ತಿದೆ. ಎಲ್ಲರೂ ಪರಿಹಾರ ಪಡೆದು ಹೋದರೂ ಮಾವ, ಗಂಡ, ನಾಗಿ ಗುಡ್ಡದ ಮೇಲೆ ಉಳಿಯುತ್ತಾರೆ. ಸುರಿಯುವ ಮಳೆಯಲ್ಲಿ, ಏರುವ ನೀರಿನ ನಡುವೆ, ನಾಗಿ ಜೀವ ಒತ್ತೆಯಿಟ್ಟು ಮನೆ ಉಳಿಸಿಕೊಳ್ಳುತ್ತಾಳೆ. ಮಳೆ ಇಳಿದಾಗ ಗಂಡ ಗಣಪ ಅದನ್ನು ದೇವರ ದಯೆ ಎನ್ನುತ್ತಾನೆ. ಆಗ ನಾಗಿಯ ಮುಖ ನೋಡಬೇಕು. ಮನೆಗೆ ಬಂದ ಇಪ್ಪತ್ತು ಜನ ನೆಂಟರಿಗೆ ಬೆಳಗಿನಿಂದ ಬೇಯಿಸಿ ಬಡಿಸಿದ ಮೇಲೆ "ಎಲ್ಲಾ ದೇವರು ನಡೆಸಿಕೊಟ್ಟ" ಎಂಬ ಮಾತು ಕೇಳಿಸಿಕೊಂಡ ನಮಗೆ ಆ ಮುಖದ ಗುರುತಿದೆ. ದೇವರ ಮೇಲೆ ನನಗೆ ಕೋಪವಿಲ್ಲ. ಜೊತೆಗೆ ನಾಗಿಯ ಹೆಸರನ್ನೂ ಹೇಳಬಹುದಿತ್ತು ಎಂಬುದಷ್ಟೇ ನನ್ನ ಮಾತು. ಇಲ್ಲಿ ಹೆಣ್ಣು ಬದುಕುತ್ತಾಳೆ, ಬದುಕಿಸುತ್ತಾಳೆ, ಆದರೆ ಲೆಕ್ಕಕ್ಕೆ ಬರುವುದಿಲ್ಲ.

ಎರಡನೆಯದು 'ಬೆಳ್ಳಿಮೋಡ', 1967. ಇಷ್ಟು ಹಳೆಯ ಚಿತ್ರ ಇಷ್ಟು ಮೇಲೆ ಬಂದದ್ದು ಕೆಲವರಿಗೆ ಆಶ್ಚರ್ಯವಾದೀತು. ಕತೆ ನಿಮಗೆ ನೆನಪಿರಬಹುದು. ಇಂದಿರಾ ಶ್ರೀಮಂತ ಮನೆಯ ಒಬ್ಬಳೇ ಮಗಳು. ಅವಳನ್ನು ಮದುವೆಯಾಗಬೇಕಾದ ಮೋಹನ ಅವಳ ತಂದೆಯ ಹಣದಲ್ಲೇ ವಿದೇಶಕ್ಕೆ ಹೋಗಿ ಓದುತ್ತಾನೆ. ಈ ನಡುವೆ ಇಂದಿರಾಳಿಗೆ ತಮ್ಮ ಹುಟ್ಟುತ್ತಾನೆ. ಆಸ್ತಿಗೆ ವಾರಸುದಾರ ಬಂದ ಮೇಲೆ ಮೋಹನನಿಗೆ ಮದುವೆ ಬೇಡವಾಗುತ್ತದೆ. ಮುಂದೆ ಅವನಿಗೆ ಅಪಘಾತವಾದಾಗ ಇಂದಿರಾಳೇ ಶುಶ್ರೂಷೆ ಮಾಡುತ್ತಾಳೆ. ಅವನ ಮನಸ್ಸು ಕರಗುತ್ತದೆ, ಮದುವೆಯಾಗೋಣ ಎನ್ನುತ್ತಾನೆ. ನಮ್ಮ ಸಿನಿಮಾಗಳ ರೂಢಿಯಂತೆ ಇಲ್ಲಿ ಓಲಗ ಊದಬೇಕು. ಇಂದಿರಾ ಒಲ್ಲೆ ಎನ್ನುತ್ತಾಳೆ. ಶುಶ್ರೂಷೆ ಮಾಡಿದ್ದು ಮನುಷ್ಯತ್ವಕ್ಕೆ, ಅದರ ಬೆಲೆಯಾಗಿ ತನ್ನನ್ನೇ ಕೊಟ್ಟುಕೊಳ್ಳಬೇಕಾಗಿಲ್ಲ ಎಂಬುದು ಅವಳಿಗೆ ತಿಳಿದಿದೆ. ಒಲ್ಲೆ ಎಂದ ಮೇಲೂ ಅವಳಿಗೆ ಹುಚ್ಚು ಹಿಡಿಯುವುದಿಲ್ಲ, ಅವಳು ಸಾಯುವುದೂ ಇಲ್ಲ. ತ್ರಿವೇಣಿ 1963ರಲ್ಲಿ, ಇನ್ನೂ ಮೂವತ್ತೈದು ತುಂಬುವ ಮುಂಚೆಯೇ, ತೀರಿಕೊಂಡರು. ತಮ್ಮ ಇಂದಿರಾ ತೆರೆಯ ಮೇಲೆ ಒಲ್ಲೆ ಎಂದದ್ದನ್ನು ಅವರು ನೋಡಲಿಲ್ಲ. ಇದೇ ತ್ರಿವೇಣಿ, ಇದೇ ಪುಟ್ಟಣ್ಣ, ಇದೇ ಕಲ್ಪನಾ ನಾಲ್ಕು ವರ್ಷದ ಬಳಿಕ 'ಶರಪಂಜರ'ದಲ್ಲಿ ಒಂದಾದರು. ಜನ ಹೆಚ್ಚು ಕೊಂಡಾಡುವುದು ಆ ಕಾವೇರಿಯನ್ನು. ಗಟ್ಟಿಯಾಗಿ ಅಳುವವಳಿಗೆ ಸಿಕ್ಕ ಚಪ್ಪಾಳೆ, ಮೆಲ್ಲಗೆ ಒಲ್ಲೆ ಎಂದವಳಿಗೆ ಸಿಗಲಿಲ್ಲ.

ಮೊದಲನೆಯದು 'ಫಣಿಯಮ್ಮ', 1983. ಹನ್ನೆರಡರ ವಯಸ್ಸಿಗೇ ಮದುವೆಯಾಗಿ, ನಲವತ್ತು ದಾಟಿದ ಮೇಲೆ ಬರೆಯತೊಡಗಿದ ಎಂ.ಕೆ. ಇಂದಿರಾ ತಮ್ಮ ಮನೆತನದ ಹಿರಿಯ ಜೀವವೊಂದರ ಕಥೆಯನ್ನು ಕಾದಂಬರಿ ಮಾಡಿದರು. ಮಕ್ಕಳ ರಂಗಭೂಮಿಗೆ ಹೆಸರಾದ ಪ್ರೇಮಾ ಕಾರಂತ ಅದನ್ನು ಚಿತ್ರ ಮಾಡಿದರು. ಎಲ್.ವಿ. ಶಾರದಾ ಫಣಿಯಮ್ಮನಾದರು. ಬರೆದವಳು, ತೆಗೆದವಳು, ಬದುಕಿದವಳು ಮೂವರೂ ಹೆಂಗಸರು. ಒಂಬತ್ತು ವರ್ಷಕ್ಕೆ ಮದುವೆ, ಬೆನ್ನಿಗೇ ವೈಧವ್ಯ. ಹುಡುಗಿ ದೊಡ್ಡವಳಾದ ಕೂಡಲೇ ತಲೆ ಬೋಳಿಸಿ ಕೆಂಪು ಸೀರೆ ಉಡಿಸುತ್ತಾರೆ. ಯಮುನಕ್ಕನಿಗೆ ಶಿಕ್ಷೆಯಾಗಿ ಬಂದ ಬೋಳುತಲೆ ಇವಳಿಗೆ ಏನೂ ಮಾಡದೆಯೇ ಬಂದಿತು. ಆದರೆ ಕ್ಯಾಮೆರಾ ಇವಳನ್ನು ಬಿಟ್ಟು ಹೋಗುವುದಿಲ್ಲ. ವರ್ಷಗಟ್ಟಲೆ ಜೊತೆಗಿರುತ್ತದೆ. ಒಪ್ಪೊತ್ತು ಉಣ್ಣುತ್ತ, ಮಾತಿಲ್ಲದೆ ಮನೆತನದ ಚಾಕರಿ ಮಾಡುತ್ತ, ಕಷ್ಟದ ಹೆರಿಗೆಗೆ ಕೈ ನೀಡುತ್ತ ಫಣಿಯಮ್ಮ ಎಲ್ಲವನ್ನೂ ನೋಡಿ ತಿಳಿದುಕೊಳ್ಳುತ್ತಾಳೆ. ಕೊನೆಗೆ ದಾಕ್ಷಾಯಣಿ ಎಂಬ ಚಿಕ್ಕ ವಿಧವೆ ತಲೆ ಬೋಳಿಸಿಕೊಳ್ಳುವುದಿಲ್ಲ ಎಂದು ಸೆಟೆದು ನಿಲ್ಲುತ್ತಾಳೆ. ಮನೆಯವರು, ಊರವರು ಹಿರಿಯಳ ಮಾತಿಗೆ ಕಾಯುತ್ತಾರೆ. ನಾನು ಅನುಭವಿಸಿದ್ದೇನೆ, ನೀನೂ ಅನುಭವಿಸು ಎಂದು ಹೇಳುವುದು ಅವಳಿಗೆ ಸುಲಭವಿತ್ತು. ಎಷ್ಟೋ ಅತ್ತೆಯರು ಸೊಸೆಯರಿಗೆ ಹೇಳುವ ಮಾತೇ ಅದು. ಫಣಿಯಮ್ಮ ಹುಡುಗಿಯ ಪರವಾಗಿ ನಿಲ್ಲುತ್ತಾಳೆ. ತನಗಾದದ್ದು ಇವಳಿಗೆ ಆಗುವುದು ಬೇಡ, ಕಾಲ ಬದಲಾಗಲಿ ಎನ್ನುತ್ತಾಳೆ. ಇಂದಿರಾಳ 'ಒಲ್ಲೆ' ಅವಳೊಬ್ಬಳನ್ನು ಕಾಪಾಡಿತು. ಫಣಿಯಮ್ಮನ ಮಾತು ಇನ್ನೊಬ್ಬಳ ಕೂದಲನ್ನು ಉಳಿಸಿತು. ಆ ಒಂದು ಮೆಟ್ಟಿಲಿಗಾಗಿ ಇದು ಮೊದಲನೆಯದು.

ಬಿಟ್ಟುಹೋದವು ಬಹಳ. ವೈದೇಹಿಯವರ ಕತೆಯಿಂದ ಬಂದ 'ಗುಲಾಬಿ ಟಾಕೀಸ್' (2008) ಚಿತ್ರದ, ಸಿನಿಮಾ ಎಂದರೆ ಜೀವ ಬಿಡುವ ಸೂಲಗಿತ್ತಿ ಗುಲಾಬಿಯನ್ನು ಹೊರಗಿಡಲು ಕಷ್ಟವಾಯಿತು. ಆ ಪಾತ್ರಕ್ಕೆ ಉಮಾಶ್ರೀಯವರಿಗೆ ರಾಷ್ಟ್ರಪ್ರಶಸ್ತಿ ಬಂತು. ಆರನೆಯ ಸ್ಥಾನವಿದ್ದರೆ ಅದು ಅವಳದೇ.

ನಮ್ಮೂರಿನ ಟಾಕೀಸು ಮುಚ್ಚಿ ಕಲ್ಯಾಣಮಂಟಪವಾಗಿ ಎಷ್ಟೋ ಕಾಲವಾಯಿತು. ಹಳೆಯ ಚಿತ್ರಗಳನ್ನು ನಾವೀಗ ನೋಡುವುದು ಟಿ.ವಿ.ಯಲ್ಲಿ, ಮಕ್ಕಳ ಮೊಬೈಲಿನಲ್ಲಿ, ಸಾರಿಗೆ ಒಗ್ಗರಣೆ ಹಾಕುತ್ತ. ಹಾಗೆ ನೋಡಿದವರ ಮತವನ್ನು ಯಾವ ಪತ್ರಿಕೆಯೂ ಕೇಳುವುದಿಲ್ಲ. ಕೇಳದಿದ್ದರೆ ಬೇಡ. ಮುಂದಿನ ಸಲ ನಾಲ್ಕು ಜನ ಹೆಂಗಸರು ಸೇರಿದಾಗ ಸೀರೆ, ಚಿನ್ನದ ಬೆಲೆಯ ಮಾತಿನ ನಡುವೆ ಇದನ್ನೂ ಎತ್ತಿ ನೋಡಿ. ನನ್ನ ಪಟ್ಟಿಯನ್ನು ಯಾರಾದರೂ ತಲೆಕೆಳಗು ಮಾಡಿದರೆ ನನಗೆ ಸಂತೋಷವೇ. ಆದರೆ ನಿಮ್ಮ ಅಳತೆಗೋಲು ಯಾವುದೆಂದು ಮಾತ್ರ ಮೊದಲೇ ಹೇಳಿಬಿಡಿ.