ಕಾರ್ಡೋಜೊ ಬರೆದ ಎರಡು ತೀರ್ಪುಗಳು

ಬೆಂಜಮಿನ್ ಕಾರ್ಡೋಜೊ (1870–1938) ಅಮೆರಿಕದ ನ್ಯೂಯಾರ್ಕ್ ರಾಜ್ಯದ ಅತ್ಯುನ್ನತ ಮೇಲ್ಮನವಿ ನ್ಯಾಯಾಲಯದಲ್ಲಿ 1914ರಿಂದ 1932ರವರೆಗೆ ನ್ಯಾಯಾಧೀಶರಾಗಿದ್ದರು. ಕೊನೆಯ ಐದು ವರ್ಷ ಮುಖ್ಯ ನ್ಯಾಯಾಧೀಶರು. ತಂದೆ ಆಲ್ಬರ್ಟ್ ಕೂಡ ಅದೇ ರಾಜ್ಯದ ನ್ಯಾಯಾಧೀಶರೇ. ಭ್ರಷ್ಟಾಚಾರದ ಆರೋಪಕ್ಕೆ ಸಿಲುಕಿ 1872ರಲ್ಲಿ ಅವರು ರಾಜೀನಾಮೆ ಕೊಟ್ಟರು. ಮಗ ಕೊಲಂಬಿಯಾದ ಕಾನೂನು ಶಾಲೆಯನ್ನು ಪದವಿ ಪಡೆಯದೆ ಬಿಟ್ಟು 1891ರಲ್ಲಿ ವಕೀಲಿಗಿಳಿದು, ಬೇರೆ ವಕೀಲರು ತಂದುಕೊಟ್ಟ ಮೇಲ್ಮನವಿಗಳನ್ನು ವಾದಿಸುತ್ತಲೇ ಪಳಗಿದರು.

ಅವರ ಅತ್ಯುತ್ತಮ ಬರವಣಿಗೆ 1916ರ ಮ್ಯಾಕ್‌ಫರ್ಸನ್ ತೀರ್ಪು. ಡೊನಾಲ್ಡ್ ಮ್ಯಾಕ್‌ಫರ್ಸನ್ ಕೊಂಡಿದ್ದ ಬ್ಯೂಯಿಕ್ ಕಾರಿನ ಮರದ ಚಕ್ರ ಓಡುತ್ತಿರುವಾಗಲೇ ಪುಡಿಯಾಗಿ, ಅವರು ಹೊರಕ್ಕೆ ಬಿದ್ದು ಗಾಯಗೊಂಡರು. ಕಂಪನಿ ಕಾರು ಮಾರಿದ್ದು ವಿತರಕನಿಗೆ. ಕೊಂಡವನೊಡನೆ ಕರಾರಿಲ್ಲ, ಆದ್ದರಿಂದ ಹೊಣೆಯಿಲ್ಲ ಎನ್ನುತ್ತಿತ್ತು ಹಳೆಯ ನಿಯಮ. ಕಾರ್ಡೋಜೊ ಅದನ್ನು ನೇರವಾಗಿ ಕೆಡವಲಿಲ್ಲ. ವಿಷದ ಶೀಷೆಗೆ ತಪ್ಪು ಚೀಟಿ ಅಂಟಿಸಿದ 1852ರ ಪ್ರಕರಣದಿಂದ ಹಿಡಿದು ಅಪವಾದಗಳನ್ನು ಒಂದೊಂದಾಗಿ ಪೋಣಿಸಿ, ಅಪವಾದವೇ ನಿಯಮವಾಗಿ ಬೆಳೆದಿರುವುದನ್ನು ಕಾಣಿಸಿದರು. ಕಾರನ್ನು ಓಡಿಸುವುದಿಲ್ಲವೆಂದು ಖಚಿತವಾಗಿ ಹೇಳಬಹುದಾದವನು ವಿತರಕನೊಬ್ಬನೇ. ಅವನನ್ನಷ್ಟೇ ಕಾನೂನು ಕಾಯುವುದು ಅಸಂಬದ್ಧ ಎಂಬುದು ಅವರ ವಾದದ ಜೀವಾಳ. 1932ರಲ್ಲಿ ಸ್ಕಾಟ್ಲೆಂಡಿನ ಡೊನೊಹ್ಯೂ ಪ್ರಕರಣದಲ್ಲಿ ಲಾರ್ಡ್ ಆಟ್ಕಿನ್ ಈ ತೀರ್ಪನ್ನು ನೆಚ್ಚಿಕೊಂಡರು.

ನ್ಯಾಯಾಧೀಶರು ಕಾನೂನನ್ನು ಹುಡುಕಿ ತೆಗೆಯುವುದಷ್ಟೇ ಅಲ್ಲ, ರೂಪಿಸುತ್ತಾರೆ ಕೂಡ ಎಂದು 1921ರಲ್ಲಿ ಯೇಲ್ ಉಪನ್ಯಾಸಗಳಲ್ಲಿ ಅವರು ಒಪ್ಪಿಕೊಂಡದ್ದು ಆ ಕಾಲಕ್ಕೆ ಧೈರ್ಯದ ಮಾತು.

ಪಾಲ್ಸ್‌ಗ್ರಾಫ್ ತೀರ್ಪಿನಲ್ಲಿ (1928) ಅದೇ ಕೈ ಬಿಗಿಯಾಯಿತು. 1924ರ ಆಗಸ್ಟ್ 24ರಂದು ಹೆಲೆನ್ ಪಾಲ್ಸ್‌ಗ್ರಾಫ್ ಇಬ್ಬರು ಹೆಣ್ಣುಮಕ್ಕಳೊಡನೆ ಸಮುದ್ರತೀರಕ್ಕೆ ಹೊರಟು ನಿಲ್ದಾಣದಲ್ಲಿ ನಿಂತಿದ್ದರು. ಹೊರಟ ರೈಲಿಗೆ ಹಾರಿದ ಒಬ್ಬನನ್ನು ಸಿಬ್ಬಂದಿ ಒಳಕ್ಕೆ ಎಳೆದು, ತಳ್ಳುವಾಗ ಅವನ ಕೈಲಿದ್ದ ಪೊಟ್ಟಣ ಹಳಿಗೆ ಬಿತ್ತು. ಅದರಲ್ಲಿದ್ದ ಪಟಾಕಿ ಸಿಡಿದು, ದೂರದ ತೂಕದ ಯಂತ್ರ ಆಕೆಯ ಮೇಲೆ ಉರುಳಿತು. ಆಮೇಲೆ ಆಕೆಯ ಮಾತು ತೊದಲತೊಡಗಿತು. ಜೂರಿ ಕೊಡಿಸಿದ 6,000 ಡಾಲರ್ ಪರಿಹಾರವನ್ನು ಕಾರ್ಡೋಜೊ 4–3ರ ಬಹುಮತದಲ್ಲಿ ರದ್ದುಮಾಡಿದರು: ಮುಂಗಾಣಲಾಗದ ಅಪಾಯಕ್ಕೆ ಹೊಣೆಯಿಲ್ಲ. ಸೂತ್ರವೇನೋ ಸ್ಫುಟವಾಗಿದೆ, ಇಂದಿಗೂ ಪಠ್ಯಗಳಲ್ಲಿದೆ. ಆದರೆ ತೀರ್ಪಿನಲ್ಲಿ ಆಕೆಯ ಮಕ್ಕಳಿಲ್ಲ, ತೊದಲಿಲ್ಲ. ಇರುವುದು ‘ವಾದಿ’ ಮಾತ್ರ. ಚಕ್ರವನ್ನು ಅಷ್ಟು ಹತ್ತಿರದಿಂದ ಕಂಡವರು ಆ ಹೆಣ್ಣುಮಗಳನ್ನು ಕಾಣದೇ ಹೋದದ್ದು ದೊಡ್ಡ ಕೊರತೆ. ನ್ಯಾಯಾಧೀಶ ಆಂಡ್ರ್ಯೂಸ್ ಬರೆದ ಭಿನ್ನಮತವೇ ಇಲ್ಲಿ ಬದುಕಿಗೆ ಹೆಚ್ಚು ಹತ್ತಿರವಾಗಿದೆ. ಸೋತ ಪಾಲ್ಸ್‌ಗ್ರಾಫ್ ಅವರ ಮೇಲೆಯೇ ಎಲ್ಲ ನ್ಯಾಯಾಲಯಗಳ ಖರ್ಚನ್ನೂ ಹೊರಿಸಲಾಯಿತು. ಮರುವಿಚಾರಣೆಯ ಅರ್ಜಿಯೂ ಅದೇ ವರ್ಷ ವಜಾ ಆಯಿತು.